ಹಳೆಯ ಪ್ಯಾಕೇಜ್ ವಾಪಸ್ ಹಾಕಿ ಕೈ ಸುಟ್ಟುಕೊಂಡವರು ಇದ್ದೀರಾ?

ಭಾನುವಾರ ಲಿನಕ್ಸ್ ಲ್ಯಾಪ್‌ಟಾಪ್‌ಗೆ ಅಪ್‌ಡೇಟ್ ಹಾಕಿದೆ. ಅವತ್ತಿನಿಂದ ಯುಎಸ್‌ಬಿ ಪ್ರಿಂಟರ್ ಕಾಣಿಸುತ್ತಲೇ ಇಲ್ಲ. ಪ್ರಿಂಟಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್ ಕಪ್ಸ್, ಅದರ ಹಳೆಯ ಪ್ಯಾಕೇಜ್ ಹಾಕಿಬಿಟ್ಟರೆ ಆಯ್ತಲ್ವಾ? ಮಾಡಿ ನೋಡಿದವರು ಹೇಳಿ.

— ಸುಟ್ಟುಕೊಂಡವನು ನಾನೇ. ಒಂದು ವಿಡಿಯೊ ಪ್ಲೇಯರ್‌ಗೋಸ್ಕರ ಹಳೆಯ ಡೆಬ್ ಫೈಲ್ (ಪ್ಯಾಕೇಜ್ ಫೈಲ್) ತಂದು ಡಿಪಿಕೆಜಿ ಅನ್ನೋ ಇನ್‌ಸ್ಟಾಲ್ ಕಮಾಂಡ್‌ನಲ್ಲಿ ಹಾಕಿದೆ. ಅದು 'ಡೌನ್‌ಗ್ರೇಡಿಂಗ್' (ಹಳೆಯ ಆವೃತ್ತಿಗೆ ಇಳಿಸುತ್ತಿದ್ದೇನೆ) ಅಂತ ಒಂದು ಸಾಲು ವಾರ್ನಿಂಗ್ ಕೊಡುತ್ತೆ, ತಡೆಯಲ್ಲ. ಹಳೆಯ ಪ್ಲೇಯರ್ ಹಳೆಯ ಲೈಬ್ರರಿ ಕೇಳಿತು. ಅದನ್ನೂ ಇಳಿಸಿದೆ. ಹೊಸ ಲೈಬ್ರರಿ ನಂಬಿಕೊಂಡಿದ್ದ ಇನ್ನಷ್ಟು ಪ್ರೋಗ್ರಾಂಗಳು ಮಲಗಿದವು. ಸರಿಮಾಡು ಅಂತ ಪ್ಯಾಕೇಜ್ ನಿರ್ವಹಿಸುವ ಆಪ್ಟ್‌ಗೆ ಹೇಳಿದರೆ ತೆಗೆದುಹಾಕುವ ಪ್ಯಾಕೇಜ್‌ಗಳ ಉದ್ದ ಪಟ್ಟಿ ಮುಂದಿಟ್ಟಿತು. ರಾತ್ರಿ ಒಂದು ಗಂಟೆ, ಓದದೆ 'ವೈ' ಒತ್ತಿದೆ. ಡೆಸ್ಕ್‌ಟಾಪೇ ಹೋಯ್ತು. ರೀಬೂಟ್ ಆದರೆ ಕಪ್ಪು ಪರದೆ, ಮಿಣುಕುವ ಕರ್ಸರ್.

— ನಂದು ಬೇರೆ ಕಥೆ. ಪ್ಯಾಕೇಜ್ ಸಲೀಸಾಗಿ ಇಳಿಯಿತು, ಡೇಟಾ ಇಳಿಯಲಿಲ್ಲ. ಫೋಟೊ ಜೋಡಿಸುವ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಮೊದಲ ಸಲ ತೆರೆದಾಗಲೇ ಡೇಟಾಬೇಸ್ ಬದಲಾಯಿಸಿಬಿಟ್ಟಿತ್ತು. ಹಳೆಯದಕ್ಕೆ ಅದನ್ನು ಓದಲು ಬರಲಿಲ್ಲ. ಮಗಳ ನಾಮಕರಣದ ಫೋಟೊಗಳು ಉಳಿದವು, ಕೂತು ಹಾಕಿದ್ದ ಟ್ಯಾಗ್‌ಗಳೆಲ್ಲ ಹೋದವು. ಫೈರ್‌ಫಾಕ್ಸ್ ಇದರಲ್ಲಿ ಜಾಣ. 2019ರ 67ನೇ ಆವೃತ್ತಿಯಿಂದ, ಹೊಸದರಲ್ಲಿ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಲು ಬಿಡುವುದಿಲ್ಲ, ಬೇರೆ ಪ್ರೊಫೈಲ್ ಮಾಡಿಕೊಳ್ಳಿ ಅನ್ನುತ್ತೆ.

— ಪ್ಯಾಕೇಜ್ ಒಳಗಿನ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳನ್ನು ಹೊಸ ಆವೃತ್ತಿಗೆ ಹತ್ತಲು ಬರೆದಿರುತ್ತಾರೆ, ಇಳಿಯಲು ಅಲ್ಲ. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್ ಎಕ್ಸ್‌ಝಡ್‌ನ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಸಿಕ್ಕಿತಲ್ಲ, ಆಗ ಡೆಬಿಯನ್ ಲಿನಕ್ಸ್‌ನವರು ಹಳೆಯ 5.4.5 ಅನ್ನೇ '5.6.1+ರಿಯಲಿ5.4.5' ಅಂತ ಹೆಸರಿಟ್ಟು ಅಪ್‌ಡೇಟ್ ಥರ ಕಳಿಸಿದರು. ಇಳಿಯುವುದನ್ನೂ ಹತ್ತುವ ಹಾಗೆ ತೋರಿಸಿದರು! ಆ 'ರಿಯಲಿ' ನೋಡಿದರೆ ನನಗೆ ಈಗಲೂ ನಗು.

ಇಳಿಸಲೇಬೇಕು ಅಂದ್ರೆ ಮೊದಲು ಟೈಮ್‌ಶಿಫ್ಟ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಸಿಸ್ಟಂನ ಸ್ನ್ಯಾಪ್‌ಶಾಟ್ ತೆಗೆಯಿರಿ. ಹೋಮ್ ಫೋಲ್ಡರ್ ಅದರಲ್ಲಿ ತಾನಾಗಿ ಸೇರುವುದಿಲ್ಲ, ಬೇರೆ ಕಾಪಿ ಮಾಡಿಕೊಳ್ಳಿ. ಆಮೇಲೆ ಆಪ್ಟ್ ಕಮಾಂಡ್‌ಗೆ '-ಎಸ್' (-s, ಸಣ್ಣಕ್ಷರ) ಸೇರಿಸಿ ಸುಮ್ನೆ ಓಡಿಸಿ. ಏನೂ ಬದಲಾಗಲ್ಲ, ಏನಾಗುತ್ತಿತ್ತು ಅಂತ ಮಾತ್ರ ತೋರಿಸುತ್ತೆ. ತೆಗೆಯುವ ಪಟ್ಟಿಯಲ್ಲಿ ಹೆಸರು ಜಾಸ್ತಿ ಇದ್ದರೆ ಅಲ್ಲೇ ಬಿಡಿ. ಹಳೆಯದು ಮತ್ತೆ ಅಪ್‌ಡೇಟ್ ಆಗದಂತೆ ಹೋಲ್ಡ್ ಹಾಕಿದರೆ ಸೆಕ್ಯುರಿಟಿ ಅಪ್‌ಡೇಟೂ ನಿಲ್ಲುತ್ತೆ, ಮರೆಯಬೇಡಿ. ಅಂದಹಾಗೆ, ಕರ್ನಲ್ (ಲಿನಕ್ಸ್‌ನ ತಿರುಳು, ಹಾರ್ಡ್‌ವೇರ್ ಜೊತೆ ಮಾತಾಡುವ ಭಾಗ) ಕೂಡ ಅಪ್‌ಡೇಟ್ ಆಗಿತ್ತಾ? ಹಾಗಿದ್ದರೆ ಬೂಟ್ ಆಗುವಾಗಿನ ಮೆನು ಗ್ರಬ್‌ನ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಳೆಯ ಕರ್ನಲ್ ಇರುತ್ತೆ, ಅದರಲ್ಲಿ ಬೂಟ್ ಮಾಡಿ ನೋಡಿ. ಏನನ್ನೂ ಇಳಿಸಬೇಕಾಗಿಲ್ಲ.

— ಕೇಳಿದವನು ನಾನೇ. ಹಳೆಯ ಕರ್ನಲ್‌ನಲ್ಲಿ ಬೂಟ್ ಮಾಡಿದೆ, ಪ್ರಿಂಟರ್ ಕಾಣಿಸಿತು. ಕಪ್ಸ್ ಮುಟ್ಟಲೇ ಇಲ್ಲ.