ದಪ್ಪ ರಾಫ್ಟಿನಲ್ಲಿ ಬಿಸಿಯಿಂದ ಬಿರುಕು: ತಡೆಯುವುದು ಹೇಗೆ?

ಪ್ರಶ್ನೆ: ರಾಫ್ಟ್ (ಇಡೀ ಕಟ್ಟಡದ ಅಡಿಗೆ ಹಾಸುವ ಕಾಂಕ್ರೀಟ್ ಅಡಿಪಾಯ) 1.8 ಮೀಟರ್ ದಪ್ಪ. ಘನ ಮೀಟರಿಗೆ 400 ಕೆಜಿ ಸಾದಾ ಸಿಮೆಂಟ್, ಸುರಿಯುವಾಗ ಕಾಂಕ್ರೀಟ್ 32 ಡಿಗ್ರಿ ಇರುತ್ತದೆ. ಅದರ ಮೇಲೆ 600 ಮಿ.ಮೀ. ಗೋಡೆ ಬರಲಿದೆ. ಮೇಲೆ ತಣ್ಣೀರು ನಿಲ್ಲಿಸಿದರೆ ಸಾಕೇ?

ಉತ್ತರ: ತಣ್ಣೀರು ಬೇಡವೇ ಬೇಡ. ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಬಿಸಿಯಿಂದ ನಡುಭಾಗ ಹಿಗ್ಗಿರುತ್ತದೆ. ಮೇಲ್ಮೈ ಬೇಗ ತಣಿದು ಕುಗ್ಗಲು ಹೋದರೆ ಎಳೆತ ತಾಳದೆ ಸೀಳುತ್ತದೆ. ಎರಡರ ನಡುವಿನ ಅಂತರ 20 ಡಿಗ್ರಿ ದಾಟಬಾರದು. ಪಾಲಿಥೀನ್ ಹಾಳೆ ಹಾಸಿ, ಅದರ ಮೇಲೆ 50 ಮಿ.ಮೀ. ಥರ್ಮೋಕೋಲ್ ಹೊದಿಸಿ. ಅಂಚು ಮತ್ತು ಮೂಲೆಗಳನ್ನು ಮರೆಯಬೇಡಿ, ಅವು ಎರಡೂ ಕಡೆಯಿಂದ ತಣಿಯುತ್ತವೆ. ನಡುಭಾಗ ಹೊರಗಿನ ಗಾಳಿಗಿಂತ 20 ಡಿಗ್ರಿಯೊಳಗೆ ಬರುವ ತನಕ ಹೊದಿಕೆ ತೆಗೆಯಬೇಡಿ, ಎರಡು ವಾರ ಹಿಡಿದರೂ ಸರಿ.

ಉತ್ತರ: ಹೊದಿಕೆಗಿಂತ ಮೊದಲು ಮಿಶ್ರಣ ಸರಿಪಡಿಸಬೇಕು. ಇಷ್ಟು ದಪ್ಪದಲ್ಲಿ 100 ಕೆಜಿ ಸಿಮೆಂಟಿಗೆ ಸುಮಾರು 12 ಡಿಗ್ರಿ ಏರಿಕೆ ಎಂದು ಹಿಡಿಯಿರಿ. ನಿಮ್ಮ ಲೆಕ್ಕ 32 ಕೂಡಿಸು 48, ಅಂದರೆ 80. ಒಳಗಿನ ಬಿಸಿ 70 ಮೀರಿದರೆ ತಡವಾಗಿ ಎಟ್ರಿಂಗೈಟ್ ಎಂಬ ಹರಳು ಬೆಳೆದು, ತೇವ ಸಿಕ್ಕಾಗ ಕಾಂಕ್ರೀಟನ್ನು ಒಳಗಿನಿಂದಲೇ ಉಬ್ಬಿಸುವ ಅಪಾಯವಿದೆ. ಸಿಮೆಂಟ್ 240, ಹಾರುಬೂದಿ 160 ಮಾಡಿ. ಏರಿಕೆ ಹತ್ತು ಡಿಗ್ರಿಯಷ್ಟು ತಗ್ಗುತ್ತದೆ. ಬಲ ನಿಧಾನವಾಗಿ ಬರುವುದರಿಂದ ಕ್ಯೂಬ್ ಪರೀಕ್ಷೆಯನ್ನು (ಕಾಂಕ್ರೀಟ್ ಘನಗಳನ್ನು ಒತ್ತಿ ಬಲ ನೋಡುವುದು) 28ರ ಬದಲು 56 ದಿನಕ್ಕೆ ಇಡಲು ವಿನ್ಯಾಸಕಾರರನ್ನು ಮೊದಲೇ ಒಪ್ಪಿಸಿ.

ಉತ್ತರ: ಸುರಿಯುವ ಬಿಸಿಯನ್ನೂ ಇಳಿಸಿ. ಘನ ಮೀಟರಿಗೆ ನೀರಿನಲ್ಲಿ 50 ಕೆಜಿ ಕಡಿಮೆ ಮಾಡಿ ಅಷ್ಟೇ ತೂಕದ ಚೂರು ಮಂಜುಗಡ್ಡೆ ಹಾಕಿದರೆ 9 ಡಿಗ್ರಿಯವರೆಗೆ ಇಳಿಯುತ್ತದೆ. ಮಿಕ್ಸರಿನಿಂದ ಬೀಳುವ ಹೊತ್ತಿಗೆ ಒಂದು ಚೂರೂ ಉಳಿದಿರಬಾರದು, ಉಳಿದರೆ ಕರಗಿದ ಜಾಗ ಟೊಳ್ಳು. ಜಲ್ಲಿಗೆ ನೆರಳು ಮಾಡಿ. ತೂಕದಲ್ಲಿ ಅದೇ ಹೆಚ್ಚು. ಜಲ್ಲಿಗೆ ನೀರು ಚಿಮುಕಿಸಿದರೆ ಆ ತೇವವನ್ನು ಮಿಶ್ರಣದ ನೀರಿನಲ್ಲಿ ಕಳೆಯಿರಿ.

ಅಳೆಯದೆ ಇದ್ಯಾವುದೂ ಪ್ರಯೋಜನವಿಲ್ಲ. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ನಟ್ಟನಡುವೆ ಒಂದು, ಮೇಲ್ಮೈಯಿಂದ 50 ಮಿ.ಮೀ. ಕೆಳಗೆ ಒಂದು, ಮೂಲೆಯಲ್ಲಿ ಒಂದು, ಗಾಳಿಗೊಂದು. ತುದಿ ಕಬ್ಬಿಣಕ್ಕೆ ತಾಗದಿರಲಿ. ಮೊದಲ ಮೂರು ದಿನ ಗಂಟೆಗೊಮ್ಮೆ ಓದಿ. ಅಂತರ 15 ಮುಟ್ಟಿದಾಗಲೇ ಇನ್ನೊಂದು ಪದರ ಹೊದಿಸಿ.

ಉತ್ತರ: ಗೋಡೆಯ ಕತೆ ಬೇರೆ, ಅಲ್ಲಿ ಹೊದಿಕೆಯೊಂದೇ ಕಾಯುವುದಿಲ್ಲ. ಗಟ್ಟಿಯಾದ ರಾಫ್ಟ್ ಅದರ ಬುಡವನ್ನು ಹಿಡಿದಿಟ್ಟಿರುತ್ತದೆ. ಇಡೀ ಗೋಡೆ ತಣಿದು ಕುಗ್ಗುವಾಗ ಬುಡದ ಸ್ವಲ್ಪ ಮೇಲಿನಿಂದ ನೆಟ್ಟಗೆ, ಆರಪಾರ ಸೀಳು ಏಳುತ್ತದೆ. ನೀರು ನಿಲ್ಲುವ ಕಟ್ಟಡವಾದರೆ ಸೋರುವುದು ಅಲ್ಲೇ. ಗೋಡೆಯನ್ನು ಚಿಕ್ಕ ತುಂಡುಗಳಾಗಿ ಸುರಿಯಿರಿ, ರಾಫ್ಟ್ ಮತ್ತು ಗೋಡೆಯ ನಡುವಿನ ದಿನಗಳನ್ನು ಕಡಿಮೆ ಮಾಡಿ. ಅಡ್ಡ ಸರಳುಗಳು ದಪ್ಪವಾಗಿ ದೂರದೂರ ಇರುವುದಕ್ಕಿಂತ ಸಣ್ಣವಾಗಿ ಒತ್ತೊತ್ತಾಗಿ ಇರಲಿ. ಸೀಳು ಬಂದರೂ ಕೂದಲೆಳೆಯಷ್ಟಕ್ಕೇ ನಿಲ್ಲುತ್ತದೆ.