ಪಿಸಿರಾಸ್ಟರ್ ಇನ್‌ಸ್ಟಾಲ್ ಆಗಿದೆ ಅನ್ನುತ್ತದೆ, ಇಂಪೋರ್ಟ್ ಮಾಡಿದರೆ ಇಲ್ಲ ಅನ್ನುತ್ತದೆ

ತುಂತುರು22:

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ನಮಗೆ ಪರಿಸರ ಮಾಡೆಲಿಂಗ್ ಕೋರ್ಸ್ ಶುರು. ಪೈಥಾನ್‌ನಲ್ಲಿ ಮಳೆ, ನೀರಿನ ಹರಿವು, ಮಣ್ಣಿನ ಸವಕಳಿ ಇಂಥದ್ದಕ್ಕೆಲ್ಲ ಮಾಡೆಲ್ ಬರೆಯಬೇಕು. ಮೊದಲ ತರಗತಿಗೆ ಬರುವಾಗಲೇ ಪಿಸಿರಾಸ್ಟರ್ (ಮ್ಯಾಪ್‌ಗಳ ಮೇಲೆ ಲೆಕ್ಕ ಮಾಡಿ ಮಾಡೆಲ್ ಓಡಿಸಲು), ಜಿಡಾಲ್ (ಮ್ಯಾಪ್ ಫೈಲ್ ಓದಲು, ಬದಲಿಸಲು), ನಂಪೈ (ಸಂಖ್ಯೆಗಳ ಲೆಕ್ಕಕ್ಕೆ), ಮ್ಯಾಟ್‌ಪ್ಲಾಟ್‌ಲಿಬ್ (ಗ್ರಾಫ್ ಬಿಡಿಸಲು) ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿರಬೇಕಂತೆ. ನಾನು ಓದಿದ್ದು ಮಣ್ಣಿನ ವಿಜ್ಞಾನ. ಪ್ರೋಗ್ರಾಮಿಂಗ್ ಅಂದರೆ ಹೋದ ವರ್ಷ ಕಲಿತ ಫಾರ್ ಲೂಪ್, ಅಷ್ಟೇ.

ಎರಡು ದಿನದಿಂದ ಇದೇ ಕೆಲಸ ಆಗಿದೆ. ಮೊದಲು ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಲ್ಲಿ ಜಿಡಾಲ್ ಹಾಕಲು ಹೋದೆ, ಒಂದು ಪುಟದಷ್ಟು ಕೆಂಪು ಅಕ್ಷರ ಬಂದು ಕೊನೆಗೆ ವಿಷುಯಲ್ ಸಿ ಪ್ಲಸ್ ಪ್ಲಸ್ 14.0 ಅಥವಾ ಅದಕ್ಕಿಂತ ಹೊಸದು ಬೇಕು ಅಂತು. ಆಮೇಲೆ ಗೆಳತಿಯೊಬ್ಬಳು ಮಿನಿಫೋರ್ಜ್ ಹಾಕು, ಅದರ ಜೊತೆ ಪೈಥಾನ್ ಮತ್ತು ಪ್ಯಾಕೇಜ್ ಹಾಕುವ ಕೋಂಡಾ ಬರುತ್ತೆ ಅಂದಳು. ಹಾಕಿದೆ, ಕೋಂಡಾದಲ್ಲಿ ಪಿಸಿರಾಸ್ಟರ್ ಇನ್‌ಸ್ಟಾಲ್ ಕೊಟ್ಟೆ, ಯಾವ ತಕರಾರೂ ಇಲ್ಲದೆ ಮುಗಿಯಿತು. ಖುಷಿಯಿಂದ ಕೋಡ್ ಬರೆಯುವ ವಿಎಸ್ ಕೋಡ್ ತೆರೆದು 'ಇಂಪೋರ್ಟ್ ಪಿಸಿರಾಸ್ಟರ್' ಅಂತ ಒಂದೇ ಸಾಲು ಬರೆದು ರನ್ ಒತ್ತಿದರೆ, ಆ ಹೆಸರಿನ ಮಾಡ್ಯೂಲೇ ಇಲ್ಲ ಅನ್ನುತ್ತೆ. ಮತ್ತೆ ಇನ್‌ಸ್ಟಾಲ್ ಕೊಟ್ಟರೆ ಆಗಲೇ ಇದೆಯಲ್ಲ ಅನ್ನುತ್ತೆ. ಇದೆ ಅನ್ನುತ್ತಿರೋದು ಯಾರು, ಇಲ್ಲ ಅನ್ನುತ್ತಿರೋದು ಯಾರು?

ವಿಂಡೋಸ್ 11. ಎಲ್ಲ ಫಾರ್ಮ್ಯಾಟ್ ಮಾಡಿ ಮೊದಲಿಂದ ಶುರು ಮಾಡಲಾ?

ಪೆಂಗ್ವಿನ್_ಪಕ್ಷ:

ಫಾರ್ಮ್ಯಾಟ್ ಮಾಡಿ. ಲಿನಕ್ಸ್ ಹಾಕಿ. ಮುಗೀತು.

ಹಳೇಟರ್ಮಿನಲ್:

ಮೇಲಿನವರ ಮಾತು ಕೇಳಬೇಡಿ. ತರಗತಿಗೆ ಮೂರು ದಿನ ಇರುವಾಗ ಯಾರಾದರೂ ಆಪರೇಟಿಂಗ್ ಸಿಸ್ಟಮ್ ಬದಲಿಸುತ್ತಾರಾ? ಲಿನಕ್ಸ್‌ನಲ್ಲೂ ಇದೇ ಎಡವಟ್ಟು ಆಗುತ್ತೆ, ನಾನೇ ಮಾಡಿಕೊಂಡಿದ್ದೇನೆ.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಇದೆ ಅನ್ನೋದು ಒಂದು ಪೈಥಾನ್, ಇಲ್ಲ ಅನ್ನೋದು ಇನ್ನೊಂದು ಪೈಥಾನ್. ಒಂದು ಮನೆಯ ಕಪಾಟಿನಲ್ಲಿ ಇಟ್ಟ ಸಾಮಾನನ್ನು ಪಕ್ಕದ ಮನೆಯಲ್ಲಿ ಹುಡುಕುತ್ತಿದ್ದೀರಿ ಅನ್ನಿಸುತ್ತೆ. ಖಾತ್ರಿ ಮಾಡಿಕೊಳ್ಳೋಣ. 'ಇಂಪೋರ್ಟ್ ಸಿಸ್' ಅಂತ ಬರೆದು, ಅದರ ಕೆಳಗೆ ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಅನ್ನು ಪ್ರಿಂಟ್ ಮಾಡಿ, ಈಗ ಓಡುತ್ತಿರುವ ಪೈಥಾನ್ ಎಲ್ಲಿದೆ ಅಂತ ಅದು ಹೇಳುತ್ತೆ. ಮಿನಿಫೋರ್ಜ್ ಪ್ರಾಂಪ್ಟ್‌ನಲ್ಲಿ ಒಂದು ಸಲ, ವಿಎಸ್ ಕೋಡ್‌ನಲ್ಲಿ ಒಂದು ಸಲ. ಎರಡರಲ್ಲೂ ಏನು ಬಂತು ಅಂತ ಇಲ್ಲಿ ಹಾಕಿ. (ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಿ, ಹೋದ ಸಲ ಒಬ್ಬರು ನಿಜಕ್ಕೂ ಕನ್ನಡದಲ್ಲಿ ಹಾಕಿ ಎರರ್ ಬಂತು ಅಂದಿದ್ದರು.)

ತುಂತುರು22:

ನೋಡಿದೆ. ಪ್ರಾಂಪ್ಟ್‌ನಲ್ಲಿ ಮಿನಿಫೋರ್ಜ್ ಫೋಲ್ಡರ್‌ನ ಒಳಗಿನ ಪೈಥಾನ್ ತೋರಿಸುತ್ತೆ. ವಿಎಸ್ ಕೋಡ್‌ನಲ್ಲಿ ಆಪ್‌ಡೇಟಾ, ಲೋಕಲ್, ಪ್ರೋಗ್ರಾಮ್ಸ್, ಪೈಥಾನ್, ಪೈಥಾನ್312 ಅಂತ ಉದ್ದಕ್ಕೆ ಬರುತ್ತೆ. ಹೋದ ವರ್ಷ ಫಾರ್ ಲೂಪ್ ಕಲಿಯಲು ಹಾಕಿದ್ದು ಅದು, ಇದೆ ಅನ್ನೋದೇ ಮರೆತುಹೋಗಿತ್ತು!

ಹಳೇಟರ್ಮಿನಲ್:

ಸಿಕ್ಕಿತಲ್ಲ. ಹಳೆಯದನ್ನು ಅಳಿಸಬೇಕಾಗಿಲ್ಲ, ಇರಲಿ ಪಾಪ. ಆದರೆ ಮಿನಿಫೋರ್ಜ್‌ನಲ್ಲಿ ನೀವು ಹಾಕಿದ್ದು ಅದರ ಜೊತೆಗೇ ಬರುವ ಬೇಸ್ ಅನ್ನೋ ಜಾಗಕ್ಕೆ. ಅದು ಒಳ್ಳೇ ಅಭ್ಯಾಸ ಅಲ್ಲ. ಬೇಸ್‌ನಲ್ಲಿ ಕೋಂಡಾ ತಾನೇ ವಾಸ ಮಾಡುತ್ತೆ, ಅಲ್ಲಿ ಏನಾದರೂ ಕೆಟ್ಟರೆ ರಿಪೇರಿ ಮಾಡಬೇಕಾದ ಕೋಂಡಾನೇ ಕೆಟ್ಟಿರುತ್ತೆ. ಕೋರ್ಸ್‌ಗೆ ಅಂತಲೇ ಬೇರೆ ಎನ್ವಿರಾನ್‌ಮೆಂಟ್ ಮಾಡಿ (ನಿಮ್ಮ ಕೋರ್ಸಿನ ಎನ್ವಿರಾನ್‌ಮೆಂಟ್ ಅಲ್ಲ, ಪೈಥಾನ್ ಮತ್ತು ಅದರ ಪ್ಯಾಕೇಜುಗಳು ಇರುವ ಒಂದು ಪ್ರತ್ಯೇಕ ಫೋಲ್ಡರ್). ಹಾಳಾದರೆ ಅದೊಂದನ್ನೇ ಅಳಿಸಿ ಹತ್ತು ನಿಮಿಷದಲ್ಲಿ ಮತ್ತೆ ಮಾಡಿಕೊಳ್ಳಬಹುದು.

ಎನ್ವಿರಾನ್‌ಮೆಂಟ್ ಡಾಟ್ ವೈಎಂಎಲ್ ಅಂತ ಒಂದು ಫೈಲ್ ಮಾಡಿ. ಅದರಲ್ಲಿ ಮೊದಲು ಹೆಸರು, ಆಮೇಲೆ ಚಾನೆಲ್ (ಪ್ಯಾಕೇಜ್ ಎಲ್ಲಿಂದ ತರಬೇಕು ಅನ್ನೋದು) ಕೋಂಡಾ-ಫೋರ್ಜ್, ಅದರ ಕೆಳಗೆ ಬೇಕಾದ ಪ್ಯಾಕೇಜುಗಳು. ಸಾಲು ಒಳಗೆ ತಳ್ಳಲು ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ವೈಎಂಎಲ್‌ಗೆ ಟ್ಯಾಬ್ ಕಂಡರೆ ಆಗಲ್ಲ, ಕಣ್ಣಿಗೆ ಎರಡೂ ಒಂದೇ ಥರ ಕಾಣುವುದರಿಂದ ಎಲ್ಲಿ ತಪ್ಪಿದೆ ಅಂತ ಹುಡುಕಿ ಹುಡುಕಿ ಸಾಕಾಗುತ್ತೆ. ಪೈಥಾನ್ ಆವೃತ್ತಿಗೆ ಕೋರ್ಸ್‌ನವರು ಏನು ಹೇಳಿದ್ದಾರೋ ಅದನ್ನೇ ಹಾಕಿ. ಹೊಸದಾಗಿ ಬಂದ ಪೈಥಾನ್‌ಗೆ ಇಂಥ ಪ್ಯಾಕೇಜುಗಳು ತಯಾರಾಗಿ ಬರಲು ಸ್ವಲ್ಪ ಸಮಯ ಹಿಡಿಯುತ್ತೆ.

ಆಮೇಲೆ ಕೋಂಡಾ ಎನ್ವ್ ಕ್ರಿಯೇಟ್ ಕೊಟ್ಟು, ಮುಗಿದ ಮೇಲೆ ಆಕ್ಟಿವೇಟ್ ಮಾಡಿ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಶಿಫ್ಟ್ ಪಿ ಒತ್ತಿ, ಸೆಲೆಕ್ಟ್ ಇಂಟರ್‌ಪ್ರಿಟರ್ ಅಂತ ಹುಡುಕಿ, ಪಟ್ಟಿಯಲ್ಲಿ ಹೊಸದನ್ನು ಆರಿಸಿ. ಮತ್ತೆ ಸಿಸ್ ಡಾಟ್ ಎಕ್ಸಿಕ್ಯೂಟಬಲ್ ನೋಡಿ. ಹೊಸ ಹೆಸರು ಕಂಡರೆ ಗೆದ್ದಿರಿ.

ನದಿಪಾತ್ರ:

ಹಳೇಟರ್ಮಿನಲ್ ಅವರು ಹೇಳಿದ್ದು ಸರಿ. ಪಿಪ್ ಯಾಕೆ ಕೈಕೊಟ್ಟಿತು ಅನ್ನೋದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇನ್ನೊಂದು ಪ್ಯಾಕೇಜ್ ಬೇಕಾದಾಗ ಮತ್ತೆ ಅಲ್ಲಿಗೇ ಹೋಗುತ್ತೀರಿ. ಜಿಡಾಲ್ ಪೈಥಾನ್‌ನಲ್ಲಿ ಬರೆದದ್ದಲ್ಲ. 1998ರಲ್ಲಿ ಶುರುವಾದ ಸಿ ಪ್ಲಸ್ ಪ್ಲಸ್ ಲೈಬ್ರರಿ ಅದು, ಪೈಥಾನ್ ಬರೀ ಮೇಲಿನ ಹೊದಿಕೆ. ಪಿಪ್ ತರೋದು ಹೊದಿಕೆಯ ಮೂಲ ಕೋಡನ್ನು. ಒಳಗಿನ ಲೈಬ್ರರಿ ನಿಮ್ಮ ಹತ್ತಿರ ಇದೆ ಅಂತಲೇ ಅಂದುಕೊಂಡು ಅಲ್ಲೇ ಕಂಪೈಲ್ ಮಾಡಲು (ಯಂತ್ರ ಓಡಿಸುವ ರೂಪಕ್ಕೆ ಬದಲಿಸಲು) ಕೂರುತ್ತೆ, ಅದಕ್ಕೇ ವಿಷುಯಲ್ ಸಿ ಪ್ಲಸ್ ಪ್ಲಸ್ ಕೇಳಿದ್ದು. ಕೋಂಡಾ ಹಾಗಲ್ಲ, ಕಂಪೈಲ್ ಆದದ್ದನ್ನೇ ಅದರ ಪರಿವಾರ ಸಮೇತ ತಂದು ಇಡುತ್ತೆ. ಪಿಸಿರಾಸ್ಟರ್ ಕೂಡ ಹಾಗೇ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಸಾಫ್ಟ್‌ವೇರ್ ಅದು, ಒಳಗಿರೋದು ಸಿ ಪ್ಲಸ್ ಪ್ಲಸ್ಸೇ. ಅದಕ್ಕೆ ಒಂದು ಎನ್ವಿರಾನ್‌ಮೆಂಟ್‌ನಲ್ಲಿ ಕೋಂಡಾ ಮತ್ತು ಪಿಪ್ ಎರಡನ್ನೂ ಸುಮ್ನೆ ಬೆರೆಸಬೇಡಿ. ಪಿಪ್ ಬೇಕೇ ಬೇಕು ಅಂದರೆ ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು. ನಿಮ್ಮ ಯೂಸರ್ ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಅಥವಾ ಕನ್ನಡ ಅಕ್ಷರ ಇದ್ದರೆ ಮಿನಿಫೋರ್ಜನ್ನು ಅಲ್ಲಿ ಹಾಕಬೇಡಿ, ಸಿ ಡ್ರೈವ್‌ನಲ್ಲೇ ನೇರವಾಗಿ ಒಂದು ಚಿಕ್ಕ ಹೆಸರಿನ ಫೋಲ್ಡರ್‌ನಲ್ಲಿ ಹಾಕಿ. ಮಾಡೆಲ್ ಓಡಿಸುವ ಫೋಲ್ಡರ್ ಕೂಡ ಕ್ಲೌಡ್‌ಗೆ ತಾನಾಗಿ ಸಿಂಕ್ ಆಗುವ ಕಡೆ ಇರಬಾರದು. ಡೈನಾಮಿಕ್ ಮಾಡೆಲ್ (ಕಾಲ ಕಳೆದಂತೆ ಆಗುವ ಬದಲಾವಣೆಯ ಮಾಡೆಲ್) ಒಂದೊಂದು ಕಾಲಹೆಜ್ಜೆಗೆ ಒಂದೊಂದು ಮ್ಯಾಪ್ ಬರೆಯುತ್ತೆ. ವರ್ಷದ ದಿನಗಳಿಗೆ ಓಡಿಸಿದರೆ ಒಂದೇ ವೇರಿಯಬಲ್‌ಗೆ 365 ಫೈಲ್. ಅಷ್ಟನ್ನೂ ಅಪ್‌ಲೋಡ್ ಮಾಡುತ್ತಾ ಕೂತರೆ ಲ್ಯಾಪ್‌ಟಾಪ್ ಬುಸುಗುಟ್ಟುತ್ತೆ.

ತುಂತುರು22:

ಎನ್ವಿರಾನ್‌ಮೆಂಟ್ ಆಯಿತು, ವಿಎಸ್ ಕೋಡ್ ಈಗ ಸರಿಯಾದ ಪೈಥಾನ್ ತೋರಿಸುತ್ತೆ, ಇಂಪೋರ್ಟ್ ಕೂಡ ಆಯಿತು!! ಆದರೆ ಕೋರ್ಸ್‌ನವರು ಕೊಟ್ಟ ಟಿಫ್ ಮ್ಯಾಪ್ ಫೈಲನ್ನು ಬೇರೆ ಪ್ರೊಜೆಕ್ಷನ್‌ಗೆ (ದುಂಡು ಭೂಮಿಯನ್ನು ಚಪ್ಪಟೆ ಮ್ಯಾಪ್ ಮಾಡುವ ಬೇರೆ ವಿಧಾನಕ್ಕೆ) ಬದಲಿಸಲು ಹೋದರೆ ಪ್ರೋಜ್ ಡಿಬಿ ಅನ್ನೋ ಫೈಲ್ ಹಳೆಯದು, ಲೇಔಟ್ ವರ್ಶನ್ ಸಾಲದು ಅಂತ ಬೈಯುತ್ತೆ. ನಾನು ಇದೀಗ ತಾನೇ ಇನ್‌ಸ್ಟಾಲ್ ಮಾಡಿದ್ದು ಹಳೆಯದು ಹೇಗೆ?

ನದಿಪಾತ್ರ:

ಎರರ್‌ನಲ್ಲಿ ಆ ಫೈಲ್ ಎಲ್ಲಿದೆ ಅಂತ ಪೂರ್ತಿ ದಾರಿ ಇರುತ್ತೆ, ಅದನ್ನು ಓದಿ. ಮಿನಿಫೋರ್ಜ್ ಬಿಟ್ಟು ಬೇರೆ ಫೋಲ್ಡರ್ ತೋರಿಸುತ್ತಿದೆ ಅಲ್ವಾ? ಹಿಂದೆ ಯಾವುದೋ ಮ್ಯಾಪ್ ಸಾಫ್ಟ್‌ವೇರ್ ಅಥವಾ ಡೇಟಾಬೇಸ್ ಹಾಕಿದ್ದೀರಾ? ಅಂಥವು ಕೆಲವೊಮ್ಮೆ ವಿಂಡೋಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ನಲ್ಲಿ (ಎಲ್ಲ ಪ್ರೋಗ್ರಾಮುಗಳೂ ಓದುವ ಸೆಟ್ಟಿಂಗ್‌ಗಳು, ಕೋಂಡಾದ ಎನ್ವಿರಾನ್‌ಮೆಂಟ್ ಅಲ್ಲ) ಪ್ರೋಜ್_ಲಿಬ್ ಅಂತ ಒಂದನ್ನು ಸೇರಿಸಿ ಹೋಗಿರುತ್ತವೆ. ಪ್ರೊಜೆಕ್ಷನ್ ಲೆಕ್ಕ ಮಾಡುವ ಲೈಬ್ರರಿ ಪ್ರೋಜ್ ಮೊದಲು ಅಲ್ಲಿಗೆ ಹೋಗಿ ನೋಡುತ್ತೆ, ಹಳೇ ಫೈಲ್ ಸಿಗುತ್ತೆ. ಆ ವೇರಿಯಬಲ್ ತೆಗೆಯಿರಿ (ಅದರಲ್ಲಿ ಇದ್ದುದನ್ನು ಎಲ್ಲಾದರೂ ಬರೆದಿಟ್ಟುಕೊಂಡು), ವಿಎಸ್ ಕೋಡ್ ಪೂರ್ತಿ ಮುಚ್ಚಿ ತೆರೆಯಿರಿ. ಪ್ರೋಜ್ 9.1ರಿಂದ ಇದರ ಹೆಸರು ಪ್ರೋಜ್_ಡೇಟಾ ಆಗಿದೆ. ಆ ಹೆಸರಿನದೂ ಇದೆಯಾ ನೋಡಿ.

ತುಂತುರು22:

ಅದೇ! ಡೇಟಾಬೇಸ್ ತರಗತಿಗೆ ಅಂತ ಹಾಕಿದ್ದೊಂದು ಅಲ್ಲೇ ಕೂತಿತ್ತು. ತೆಗೆದೆ, ಟಿಫ್ ಬದಲಾಯಿತು.

ಖುಷಿಯಲ್ಲಿ ಅಭ್ಯಾಸಕ್ಕೆ ಅಂತ ಹೊಸ ಫೈಲ್ ಮಾಡಿ ಪಿಸಿರಾಸ್ಟರ್ ಡಾಟ್ ಪಿವೈ ಅಂತ ಹೆಸರಿಟ್ಟು ಸೇವ್ ಮಾಡಿದೆ. ಈಗ ಸೆಟ್‌ಕ್ಲೋನ್ ಅನ್ನೋ ಫಂಕ್ಷನ್ ಪಿಸಿರಾಸ್ಟರ್‌ನಲ್ಲಿ ಇಲ್ಲವೇ ಇಲ್ಲ ಅನ್ನುತ್ತಿದೆ.

ಹಳೇಟರ್ಮಿನಲ್:

ಹಹ್ಹಾ. ಪೈಥಾನ್ ಮೊದಲು ನಿಮ್ಮ ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲಿ ಹುಡುಕುತ್ತೆ. ಅಲ್ಲಿ ಅದೇ ಹೆಸರಿನದು ಸಿಕ್ಕಿತು, ನಿಮ್ಮ ಫೈಲ್ ತನ್ನನ್ನೇ ಇಂಪೋರ್ಟ್ ಮಾಡಿಕೊಂಡಿತು. ಹೆಸರು ಬದಲಿಸಿ.

ನದಿಪಾತ್ರ:

ಬದಲಿಸುವಾಗಲೇ ಇದನ್ನೂ ನೋಡಿಕೊಳ್ಳಿ: ಟ್ಯುಟೋರಿಯಲ್‌ಗಳಲ್ಲಿ 'ಫ್ರಮ್ ಪಿಸಿರಾಸ್ಟರ್ ಇಂಪೋರ್ಟ್ ಸ್ಟಾರ್' ಅಂತ ಇರುತ್ತೆ. ಅಂದರೆ ಅದರಲ್ಲಿರೋದೆಲ್ಲ ಬರಲಿ ಅಂತ. ಹಾಗೆ ಬರೆದರೆ ಮ್ಯಾಕ್ಸ್, ಮಿನ್, ಆಬ್ಸ್ ಫಂಕ್ಷನ್‌ಗಳು ಪೈಥಾನ್‌ನವು ಹೋಗಿ ಪಿಸಿರಾಸ್ಟರ್‌ನವು ಬಂದು ಕೂರುತ್ತವೆ. ಅವು ಲೆಕ್ಕ ಮಾಡೋದು ಮ್ಯಾಪ್‌ಗಳ ಮೇಲೆ. ಒಂದು ಲಿಸ್ಟ್ ಕೊಟ್ಟು ದೊಡ್ಡ ಸಂಖ್ಯೆ ಯಾವುದು ಅಂತ ಕೇಳಿದರೆ ಎರರ್ ಬರುತ್ತೆ, ಯಾಕೆ ಅಂತ ಹೊಳೆಯೋದೇ ಇಲ್ಲ. ನನಗೆ ಒಂದು ಮಧ್ಯಾಹ್ನ ಹೋಯಿತು.

ತುಂತುರು22:

ಹೆಸರು ಬದಲಿಸಿದೆ. ಎತ್ತರದ ಮ್ಯಾಪ್‌ಗೆ ಎಲ್‌ಡಿಡಿಕ್ರಿಯೇಟ್ (ಪ್ರತಿ ಚೌಕದಿಂದ ನೀರು ಯಾವ ದಿಕ್ಕಿಗೆ ಹರಿಯುತ್ತೆ ಅಂತ ಲೆಕ್ಕ ಹಾಕೋದು) ಕೊಟ್ಟು, ಮ್ಯಾಪ್ ತೋರಿಸುವ ಅಗ್ವಿಲಾದಲ್ಲಿ ತೆರೆದರೆ ಸಣ್ಣ ಸಣ್ಣ ಗೆರೆಗಳು ಸೇರಿ ಸೇರಿ ಕೆಳಗೆ ದೊಡ್ಡ ಹೊಳೆಯಾಗೋದು ಕಾಣಿಸುತ್ತಿದೆ, ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತೆ. ದಿಕ್ಕಿನ ಸಂಖ್ಯೆ ಕೀಬೋರ್ಡ್‌ನ ನಂಬರ್ ಪ್ಯಾಡ್ ಥರ ಅಂತ ಗೊತ್ತಾಯಿತು, 8 ಅಂದರೆ ಮೇಲಕ್ಕೆ, 2 ಅಂದರೆ ಕೆಳಕ್ಕೆ. ಆದರೆ ನಡುವೆ ಅಲ್ಲಲ್ಲಿ 5 ಇದೆ, ನೀರು ಅಲ್ಲೇ ನಿಂತುಬಿಡುತ್ತೆ. ಅದು ನಿಜವಾದ ಗುಂಡಿಯಾ, ಡೇಟಾ ತಪ್ಪಾ? ಇದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ, ಇಬ್ಬರೂ ಅಲ್ಲಿಗೂ ಬನ್ನಿ.