ಸಲಹಾ ಸಮಿತಿಗೆ ಸಲಹೆಯಷ್ಟೇ ಸಾಕೆ?

ಹೊಸಿಲು:
ರಾತ್ರಿ ತಂಗುದಾಣ, ಬಾಡಿಗೆ ನೆರವು, ಮನೆ ಹುಡುಕಿಕೊಡುವ ಕೆಲಸ ಇವೆಲ್ಲ ಸೇರಿದ ವಸತಿರಹಿತರ ಸೇವೆಗಳಿಗೆ ದಾರಿ ತೋರಲು ಸಮುದಾಯ ಸಲಹಾ ಸಮಿತಿಯೊಂದು ಇರಬೇಕೆಂಬುದರಲ್ಲಿ ಈಗ ಹೆಚ್ಚಿನವರಿಗೆ ತಕರಾರಿಲ್ಲ. ತಕರಾರಿರುವುದು ಅದರ ಅಧಿಕಾರದ ಬಗ್ಗೆ. ಕೆನಡಾದಲ್ಲಿ 2019ರ ಏಪ್ರಿಲ್‌ನಲ್ಲಿ ಆರಂಭವಾದ ‘ರೀಚಿಂಗ್ ಹೋಮ್’ ಯೋಜನೆಯಲ್ಲಿ ಹಣ ನಿರ್ವಹಿಸುವ ಸಂಸ್ಥೆ ಬೇರೆ, ಸ್ಥಳೀಯ ಸಲಹಾ ಮಂಡಳಿ ಬೇರೆ. ಊರಿನ ಆದ್ಯತೆಗಳೇನು, ಯಾವ ಕೆಲಸಕ್ಕೆ ಹಣ ಹೋಗಬೇಕು ಎಂದು ಮಂಡಳಿ ಶಿಫಾರಸು ಮಾಡುತ್ತದೆ. ಒಪ್ಪಂದಕ್ಕೆ ಸಹಿ ಹಾಕಿ ಲೆಕ್ಕ ಒಪ್ಪಿಸುವ ಹೊಣೆ ಸಂಸ್ಥೆಯದು. ಈ ವಿಂಗಡಣೆ ನನಗೆ ಸರಿಯೆನಿಸುತ್ತದೆ. ನಿಮ್ಮ ಅಭಿಪ್ರಾಯವೇನು?

ರಾತ್ರಿಪಾಳಿ:
ಕಾಗದದ ಮೇಲೆ ಸರಿಯಾಗಿಯೇ ಇದೆ. ನಾನು ಒಂದು ತಂಗುದಾಣದಲ್ಲಿ ಆರು ವರ್ಷ ರಾತ್ರಿ ಪಾಳಿಯಲ್ಲಿದ್ದೆ. ಕೊನೆಯ ಎರಡು ವರ್ಷ ಸಿಬ್ಬಂದಿಯ ಪರವಾಗಿ ಸಲಹಾ ಸಮಿತಿಯಲ್ಲಿಯೂ ಕುಳಿತೆ. ಬೆಳಿಗ್ಗೆ ಏಳಕ್ಕೆ ಎಲ್ಲರೂ ಹಾಸಿಗೆ ಮಡಚಿಟ್ಟು ಹೊರಡಬೇಕೆಂಬುದು ಅಲ್ಲಿನ ನಿಯಮವಾಗಿತ್ತು. ತಂಗುತ್ತಿದ್ದವರಲ್ಲಿ ಕಾವಲು ಕಾದು, ಸರಕು ಇಳಿಸಿ ಬೆಳಗಿನ ಜಾವ ಮರಳುವವರೂ ಇದ್ದರು, ಅವರಿಗೆ ಆಗಷ್ಟೇ ಕಣ್ಣು ಹತ್ತುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಹಗಲು ಮಲಗುವವರಿಗಾಗಿ ಹತ್ತು ಹಾಸಿಗೆಗಳನ್ನು ಬಿಡಿ ಎಂದು ಸಮಿತಿ ಮೂರು ಸಭೆಗಳಲ್ಲಿ ಹೇಳಿತು. ಮೂರು ಸಲವೂ ನಡಾವಳಿಯಲ್ಲಿ ‘ಗಮನಿಸಲಾಯಿತು’ ಎಂದು ಬರೆದರು. ಒಪ್ಪುವುದಿಲ್ಲವೆಂದು ಬರೆದಿದ್ದರೆ ಕಾರಣವನ್ನಾದರೂ ಕೇಳಬಹುದಿತ್ತು. ಗಮನಿಸಿದವರನ್ನು ಏನೆಂದು ಕೇಳುವುದು?

ಲೆಕ್ಕಪತ್ರ:
ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅದಕ್ಕಾಗಿ ಹಣದ ಅಧಿಕಾರವನ್ನೂ ಸಮಿತಿಗೇ ಕೊಡೋಣ ಎನ್ನುವುದಾದರೆ ನನಗೆ ಅಳುಕಿದೆ. ಇಂಥ ಸಮಿತಿಗಳಲ್ಲಿ ಅದೇ ಅನುದಾನ ಪಡೆಯುವ ಸಂಸ್ಥೆಗಳವರೂ ಕೂರುತ್ತಾರೆ, ಏಕೆಂದರೆ ವಿಷಯ ಬಲ್ಲವರು ಅವರೇ. ಅಮೆರಿಕದಲ್ಲಿ ವಸತಿರಹಿತರ ಸೇವೆಗಳ ಅನುದಾನಕ್ಕಾಗಿ 2012ರಲ್ಲಿ ಬಂದ ‘ಕಂಟಿನ್ಯುಅಮ್ ಆಫ್ ಕೇರ್’ ನಿಯಮಾವಳಿಯ ಪ್ರಕಾರ, ಸ್ಥಳೀಯ ಮಂಡಳಿಯ ಯಾವ ಸದಸ್ಯರೂ ತಾವು ಪ್ರತಿನಿಧಿಸುವ ಸಂಸ್ಥೆಗೆ ಅನುದಾನ ಕೊಡುವ ಕುರಿತ ಚರ್ಚೆಯಲ್ಲಾಗಲೀ ತೀರ್ಮಾನದಲ್ಲಾಗಲೀ ಭಾಗವಹಿಸುವಂತಿಲ್ಲ. ಮತ ಹಾಕದೆ ಸುಮ್ಮನೆ ಕುಳಿತರೆ ಸಾಲದು, ಮಾತಿನಿಂದಲೂ ದೂರವಿರಬೇಕು. ಸಣ್ಣ ಊರೊಂದರಲ್ಲಿ ಇದನ್ನು ಅಕ್ಷರಶಃ ಪಾಲಿಸಿದರೆ ಹಣದ ವಿಷಯ ಬಂದೊಡನೆ ಅರ್ಧ ಕುರ್ಚಿಗಳು ಖಾಲಿಯಾಗುತ್ತವೆ. ಕೋರಂ ಉಳಿದರೆ ಪುಣ್ಯ.

ಮಳೆಗಾಲ:
ನಾನು ಹದಿನಾಲ್ಕು ತಿಂಗಳು ಮನೆಯಿಲ್ಲದೆ ಇದ್ದವಳು. ಆ ಅವಧಿಯಲ್ಲಿಯೇ ಇಂಥದೊಂದು ಸಮಿತಿಯ ಸದಸ್ಯೆಯೂ ಆಗಿದ್ದೆ. ಲೆಕ್ಕಪತ್ರ ಅವರು ಹೇಳಿದ ನಿಯಮಾವಳಿಯಲ್ಲಿಯೇ ಇನ್ನೊಂದು ಮಾತಿದೆ: ವಸತಿರಹಿತರು ಅಥವಾ ಹಿಂದೆ ವಸತಿರಹಿತರಾಗಿದ್ದವರು ಮಂಡಳಿಯಲ್ಲಿ ಕನಿಷ್ಠ ಒಬ್ಬರಾದರೂ ಇರಬೇಕು. ಕನಿಷ್ಠ ಎಂದು ಬರೆದದ್ದು ಆಚರಣೆಯಲ್ಲಿ ಗರಿಷ್ಠವಾಗುವುದು ಸುಲಭ. ನಮ್ಮ ಸಮಿತಿಯಲ್ಲಿಯೂ ಅಂಥವಳು ನಾನೊಬ್ಬಳೇ. ಮೊದಲ ಸಭೆಯ ಹಾಜರಿ ಹಾಳೆಯಲ್ಲಿ ಹೆಸರು, ಸಂಸ್ಥೆ, ಹುದ್ದೆ, ಖಾಯಂ ವಿಳಾಸ ಎಂದು ನಾಲ್ಕು ಕಾಲಂಗಳಿದ್ದವು. ಹೆಸರು ಬರೆದು ಉಳಿದ ಮೂರಕ್ಕೆ ಸೇರಿಸಿ ಒಂದೇ ಗೆರೆ ಎಳೆದೆ.

ಸಭೆ ಸಂಜೆ ನಾಲ್ಕಕ್ಕೆ ಶುರುವಾಗಿ ಆರರವರೆಗೆ ನಡೆಯುತ್ತಿತ್ತು. ತಂಗುದಾಣದ ಮುಂದೆ ಸಾಲು ಐದಕ್ಕೇ ಶುರು. ತಡವಾದರೆ ಹಾಸಿಗೆ ಇಲ್ಲ. ಹಾಸಿಗೆ ಹಂಚಿಕೆಯ ವಿಷಯ ಕಾರ್ಯಸೂಚಿಯಲ್ಲಿ ಯಾವಾಗಲೂ ಕೊನೆಗೆ ಇರುತ್ತಿದ್ದುದರಿಂದ, ಆ ಸಾಲನ್ನು ಹೇಗೆ ಸುಧಾರಿಸಬೇಕೆಂದು ಅವರು ಚರ್ಚಿಸುವಾಗ ನಾನು ಅದೇ ಸಾಲಿನಲ್ಲಿ ನಿಂತಿರುತ್ತಿದ್ದೆ. ಉಳಿದವರಿಗೆ ಆ ಎರಡು ಗಂಟೆಯೂ ಸಂಬಳದ ಹೊತ್ತು. ನನಗೆ ಅರ್ಧ ದಿನದ ಕೂಲಿ ಹೋಗುತ್ತಿತ್ತು.

ಹೊಸಿಲು:
ಇದನ್ನು ಓದಿದ ಮೇಲೆ ನನ್ನ ಮೊದಲ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಅಮೆರಿಕದ ನೀತಿ ವಿಶ್ಲೇಷಕಿ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದ್ದರು. ತಮಗೆ ಬೇಕಾದ ಕೆಲವರನ್ನು ಸಮಿತಿಯಲ್ಲಿ ಕೂರಿಸಿಕೊಂಡು ಸಮಾಧಾನಪಡಿಸುವುದು ಅದರಲ್ಲಿ ಐದನೆಯದು. ತೀರ್ಮಾನದಲ್ಲಿ ನಿಜವಾದ ಪಾಲು ಸಿಗುವುದು ಆರನೆಯದರಿಂದ. ಹಣದ ಅಧಿಕಾರ ಕೊಡದೆಯೂ ಆರಕ್ಕೆ ಹತ್ತಿರವಾಗಬಹುದೆಂದು ನನ್ನ ನಂಬಿಕೆ. ಪ್ರತಿ ಸಲಹೆಗೂ 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು, ನಿರಾಕರಿಸಿದರೆ ಕಾರಣ ಹೇಳಬೇಕು, ಮನೆಯಿಲ್ಲದ ಅನುಭವವುಳ್ಳವರು ಕನಿಷ್ಠ ಮೂವರಿರಬೇಕು, ಅವರಿಗೆ ಸಭಾ ಭತ್ಯೆಯನ್ನು ಅಂದೇ ಕೈಗೆ ನಗದಾಗಿ ಕೊಡಬೇಕು.

ಲೆಕ್ಕಪತ್ರ:
ನಗದಿನ ಮಾತಿಗೆ ಲೆಕ್ಕ ತಪಾಸಕನಾಗಿ ಹುಬ್ಬೇರಿಸಿದರೂ ಒಪ್ಪುತ್ತೇನೆ. ಆದರೆ ಸಮಿತಿಯ ಮುಂದೆ ಯಾವ ಅಂಕಿಗಳನ್ನು ಇಡಲಾಗುತ್ತದೆ ಎಂಬುದನ್ನು ಇಲ್ಲಿ ಯಾರೂ ಕೇಳಲಿಲ್ಲ. ‘ಹಾಸಿಗೆಗಳೆಲ್ಲ ಭರ್ತಿ’ ಎಂಬ ವರದಿ ತಂಗುದಾಣಕ್ಕೆ ಹೊಗಳಿಕೆಯಂತೆ ಕೇಳಿಸುತ್ತದೆ, ಆದರೆ ಅಲ್ಲಿಂದ ಯಾರೂ ಮನೆಗೆ ಹೋಗುತ್ತಿಲ್ಲ ಎಂಬ ಅರ್ಥವೂ ಅದಕ್ಕಿರಬಹುದು. ಅಮೆರಿಕದಲ್ಲಿ ಜನವರಿಯ ಕೊನೆಯ ಹತ್ತು ದಿನಗಳಲ್ಲಿ ವಸತಿರಹಿತರ ಒಂದು ರಾತ್ರಿಯ ಎಣಿಕೆ ನಡೆಯುತ್ತದೆ. ಬಂಧುಗಳ ಮನೆಯ ಮೂಲೆಯಲ್ಲಿ ಮಲಗಿದವರು ಅದರ ಲೆಕ್ಕಕ್ಕೆ ಬರುವುದಿಲ್ಲ. ಮನೆ ಸಿಕ್ಕವರೆಷ್ಟು, ಅಲ್ಲಿಯೇ ಉಳಿದವರೆಷ್ಟು ಎಂಬುದನ್ನು ಸಮಿತಿ ಕೇಳಬೇಕು. ಕೆನಡಾದ ಐದು ನಗರಗಳಲ್ಲಿ 2009ರಲ್ಲಿ ಶುರುವಾದ ‘ಅಟ್ ಹೋಮ್’ ಪ್ರಯೋಗ ಅದನ್ನೇ ಕೇಳಿತು. ಚಿಕಿತ್ಸೆ ಪಡೆಯಬೇಕೆಂಬಂಥ ಷರತ್ತಿಲ್ಲದೆ ಮೊದಲು ಮನೆ ಪಡೆದವರಲ್ಲಿ ಶೇ. 62ರಷ್ಟು ಮಂದಿ ಕೊನೆಯ ಆರು ತಿಂಗಳುದ್ದಕ್ಕೂ ಮನೆಯಲ್ಲಿಯೇ ಉಳಿದಿದ್ದರು. ಎಂದಿನ ಸೇವೆ ಪಡೆದವರಲ್ಲಿ ಹಾಗೆ ಉಳಿದವರು ಶೇ. 31 ಮಾತ್ರ.

ರಾತ್ರಿಪಾಳಿ:
ಲಿಖಿತ ಉತ್ತರವೂ ಒಂದು ದಿನ ‘ಗಮನಿಸಲಾಯಿತು’ ಎಂಬುದರ ಉದ್ದನೆಯ ರೂಪವಾಗಿಬಿಡುತ್ತದೆ. ಹಣದ ಬಗ್ಗೆ ಸಮಿತಿ ಸಲಹೆಯನ್ನೇ ಕೊಡಲಿ, ಆದರೆ ಬಾಗಿಲು ತೆರೆಯುವ ಹೊತ್ತು, ಸಾಮಾನು ಇಡುವ ಜಾಗ, ಯಾರನ್ನು ಯಾವ ಕಾರಣಕ್ಕೆ ಹೊರಹಾಕಬಹುದು ಎಂಬಂಥ ಒಳಗಿನ ನಿಯಮಗಳಲ್ಲಿ ಅದರ ಮಾತೇ ಅಂತಿಮವಾಗಲಿ. ಹತ್ತು ಹಾಸಿಗೆಗಳಿಗೆ ಅನುದಾನದ ಅಗತ್ಯವಿರಲಿಲ್ಲ, ಗಂಟೆ ಬಾರಿಸದಿದ್ದರೆ ಸಾಕಾಗಿತ್ತು.

ಹೊಸಿಲು:
ಒಳಗಿನ ನಿಯಮಗಳ ಮಟ್ಟಿಗೆ ಒಪ್ಪಿದೆ. ಹೊರಹಾಕುವ ವಿಷಯದಲ್ಲಿ ಮಾತ್ರ, ರಾತ್ರಿ ಎರಡು ಗಂಟೆಗೆ ಜಗಳ ಬಿಡಿಸುವ ಸಿಬ್ಬಂದಿಯ ಸುರಕ್ಷತೆಯ ಹೊಣೆಯನ್ನು ತಿಂಗಳಿಗೊಮ್ಮೆ ಸೇರುವ ಸಮಿತಿ ಹೊರಬಲ್ಲದೆ ಎಂಬ ಅನುಮಾನ ನನಗಿದೆ.

ಮಳೆಗಾಲ:
ಆ ಅನುಮಾನ ನನಗೂ ಇದೆ. ಅದಕ್ಕೂ ಮೊದಲು ಸಭೆಯ ಹೊತ್ತನ್ನು ಯಾರು ಗೊತ್ತುಮಾಡುತ್ತಾರೆಂದು ತೀರ್ಮಾನಿಸಿ. ನಾನು ಸಮಿತಿ ಬಿಟ್ಟ ಮೇಲೆ, ನನ್ನ ದೂರನ್ನು ಮನ್ನಿಸಿ, ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಬದಲಾಯಿಸಿದರು. ನನ್ನ ಕುರ್ಚಿಗೆ ಬಂದವರು ರಾತ್ರಿ ಕಾವಲು ಕೆಲಸದವರು, ಆ ಹೊತ್ತಿಗೆ ಅವರು ಎಲ್ಲಿಯೋ ಒಂದು ಬೆಂಚಿನ ಮೇಲೆ ನಿದ್ದೆಯಲ್ಲಿರುತ್ತಾರೆ.